ಎಲೆಕೀಟದ ಹೆಸರು, ಕುಲ, ನೆಲೆ

ಕಡ್ಡಿಕೀಟಗಳ ಗಣಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಫ್ಯಾಸ್ಮಟೋಡಿಯ’. ಗ್ರೀಕಿನಲ್ಲಿ ‘ಫ್ಯಾಸ್ಮ’ ಎಂದರೆ ಭೂತ, ಮಾಯಾರೂಪ. ಮೂರು ಸಾವಿರಕ್ಕೂ ಮಿಕ್ಕ ಪ್ರಭೇದಗಳುಳ್ಳ ಈ ಗಣದಲ್ಲಿ ಕಡ್ಡಿಯ ಬದಲು ಎಲೆಯ ವೇಷವನ್ನು ತಳೆದ ಕುಟುಂಬವೊಂದುಂಟು. ಅದೇ ಫಿಲ್ಲಿಡೀ, ನಮ್ಮ ಮಾತಿನಲ್ಲಿ ಎಲೆಕೀಟ. 1758ರಲ್ಲಿ ಲಿನೇಯಸನು ಇಂಥದೊಂದನ್ನು ಮಿಡತೆಗಳ ಸಾಲಿಗೆ ಸೇರಿಸಿ, ಒಣಗಿದೆಲೆ ಎಂಬರ್ಥ ಬರುವಂತೆ ಹೆಸರಿಟ್ಟನು.

ವಿದ್ವಾಂಸರನ್ನು ಕಾಡಿದ್ದು ಈ ಕೀಟದ ವೇಷಕ್ಕಿಂತ ಹೆಚ್ಚಾಗಿ ಅದರ ದಾಂಪತ್ಯವೆಂದು ನನಗೆ ತೋರುತ್ತದೆ. ಹೆಣ್ಣು ಅಗಲವಾದುದು, ಹಾರಲಾರದು. ಮುಂರೆಕ್ಕೆಗಳ ನರಗಳೇ ಎಲೆಯ ನರಗಳಂತೆ ಕಾಣುತ್ತವೆ. ಗಂಡು ಕೃಶಾಂಗ, ಮೀಸೆ ನೀಳ, ರೆಕ್ಕೆ ಪಾರದರ್ಶಕ, ಹಾರಬಲ್ಲದು. ಕಾಡಿನಲ್ಲಿ ಎರಡೂ ಜೊತೆಯಾಗಿ ಸಿಕ್ಕುವುದು ಅಪರೂಪ. 1906ರಲ್ಲಿ ರೆಡ್ಟನ್‌ಬಾಕರ್ ಎಂಬ ವಿದ್ವಾಂಸ ‘ನ್ಯಾನೋಫಿಲಿಯಂ’ ಎಂಬ ಕುಲವನ್ನು ಸ್ಥಾಪಿಸಿದ. ಅದರಲ್ಲಿ ಬರಿಯ ಗಂಡುಗಳು! ಇತ್ತ ‘ಫಿಲಿಯಂ’ ಕುಲದ ಒಂದು ಗುಂಪಿನಲ್ಲಿ ಬರಿಯ ಹೆಣ್ಣುಗಳು. ಸತಿಪತಿಗಳು ಶತಮಾನಕ್ಕೂ ಹೆಚ್ಚು ಕಾಲ ಬೇರೆ ಬೇರೆ ಪುಟಗಳಲ್ಲಿ ಉಳಿದರು. ಸತ್ತ ದೇಹಗಳನ್ನು ಎಷ್ಟು ಅಳೆದರೂ ಈ ನಂಟು ಹೊರಬೀಳಲಿಲ್ಲ. ಅದನ್ನು ಬಿಡಿಸಿದ್ದು ಮೊಟ್ಟೆ. ಪಪುವಾ ನ್ಯೂಗಿನಿಯಿಂದ ಕೆನಡಾದ ಮಾಂಟ್ರಿಯಲ್ ಕೀಟಾಲಯಕ್ಕೆ ಬಂದ, ಬೀಜದಂಥ ಮೊಟ್ಟೆಗಳು ಅಲ್ಲಿ ಒಡೆದು, ಮರಿಗಳು ಬೆಳೆದಾಗ ಒಂದೇ ತಾಯಿಯ ಮಕ್ಕಳಲ್ಲಿ ‘ಫಿಲಿಯಂ’ ಹೆಣ್ಣೂ ‘ನ್ಯಾನೋಫಿಲಿಯಂ’ ಗಂಡೂ ಕಾಣಿಸಿಕೊಂಡವು. 2020ರಲ್ಲಿ ರಾಯ್ಸ್ ಕಮಿಂಗ್ ಮತ್ತು ಸಂಗಡಿಗರು ಆ ಹೆಣ್ಣುಗಳನ್ನು ಗಂಡಿನ ಕುಲಕ್ಕೆ ಸೇರಿಸಿದರು. ಮದುವೆಯಾದೊಡನೆ ಹೆಣ್ಣಿನ ಕುಲನಾಮ ಬದಲಾಗುವ ಪದ್ಧತಿ ಕೀಟಶಾಸ್ತ್ರವನ್ನೂ ಬಿಟ್ಟಿಲ್ಲವೆಂದು ಯಾರಾದರೂ ನಕ್ಕರೆ ನಾನು ಅಡ್ಡಿಪಡಿಸಲಾರೆ.

ಇನ್ನು ನೆಲೆ. ಪಶ್ಚಿಮದಲ್ಲಿ ಸೇಷೆಲ್ಸ್ ದ್ವೀಪಗಳಿಂದ ಭಾರತ, ಸಿಂಹಳ, ಆಗ್ನೇಯ ಏಷ್ಯಾಗಳನ್ನು ಹಾದು ಪೂರ್ವದಲ್ಲಿ ಫಿಜಿಯವರೆಗೆ ಈ ಕುಟುಂಬ ಹರಡಿದೆ. ಅಮೆರಿಕ ಖಂಡಗಳಲ್ಲಿ ಇಲ್ಲ. ಯುರೋಪಿನಲ್ಲಿಯೂ ಇಂದು ಇಲ್ಲ. ಆದರೆ ಜರ್ಮನಿಯ ಮೆಸೆಲ್‌ನ ಕಲ್ಲಿನಲ್ಲಿ 4 ಕೋಟಿ 70 ಲಕ್ಷ ವರ್ಷ ಹಿಂದಿನ ಎಲೆಕೀಟವೊಂದರ ಅಚ್ಚು ದೊರೆತು, 2007ರಲ್ಲಿ ಪ್ರಕಟವಾಯಿತು. ಅದೂ ಗಂಡೇ. ಇಂದಿನವಕ್ಕೂ ಅದಕ್ಕೂ ರೂಪದಲ್ಲಿ ಅಂತರ ತೀರ ಕಡಿಮೆ.

ನಮ್ಮ ನೈಋತ್ಯ ಭಾರತದ ಎಲೆಕೀಟವೊಂದಕ್ಕೆ ‘ಪಲ್ಕ್ರಿಫಿಲಿಯಂ ಅನಂಗು’ ಎಂಬ ಸ್ವಂತ ಹೆಸರು ದೊರೆತದ್ದು 2023ರಲ್ಲಿ.