ತೊಂಬತ್ತು ದಿನಗಳ ಕಡಲೂರು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ದೂರದ ಕಡಲಿನ ವಿಷಯದಲ್ಲಿ ಅವರು ಅಂತಹ ಎಚ್ಚರಿಕೆಯನ್ನೇನೂ ಬಿಟ್ಟುಹೋಗಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಕೆರೆಗಳ ದಂಡೆಯ ಮೇಲೆ ಬಾಳಿದ ಯಲಹಂಕ, ಹೆಬ್ಬಾಳದ ಜನಕ್ಕೆ ಅದರ ಅವಶ್ಯಕತೆಯೂ ಬಿದ್ದಿರಲಾರದು. ಈಗ ಬಿದ್ದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನನಿಲ್ದಾಣ ತೆರೆದ ಮೇಲೆ, ಉತ್ತರ ಬೆಂಗಳೂರಿನ ಮನೆಗಳಿಗೆ ಯೂರೋಪು ಖಂಡವು ನೆರೆಯೂರಿನಂತಾಗಿದೆ. ಮಕ್ಕಳು ಮೊದಲು ಹೋದರು. ಬಾಣಂತನಕ್ಕೆಂದು ತಾಯಂದಿರು ಹಿಂಬಾಲಿಸಿದರು. ಈಗ ನಿವೃತ್ತರಾದ ತಂದೆಯರು ಭೂಪಟ ಹರಡಿಕೊಂಡು, ಅಲ್ಲಿನ ಯಾವುದಾದರೊಂದು ಸದ್ದಿಲ್ಲದ ಕಡಲೂರಿನಲ್ಲಿ ಎರಡು ಮೂರು ತಿಂಗಳು ನಿಂತು ಬರಬಾರದೇಕೆ ಎಂದು ಕೇಳುತ್ತಿದ್ದಾರೆ.

ದೃಷ್ಟಾಂತಕ್ಕೆ ಯಲಹಂಕ ಉಪನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ರೈಲು ಗಾಲಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗೃಹಿಣಿ ಮೂವತ್ತೈದು ವರ್ಷ ಆ ಮನೆಯನ್ನು ನಡೆಸಿ, ಇನ್ನೂ ನಿವೃತ್ತಿ ದೊರೆಯದವರು. ಮಗಳು ಜರ್ಮನಿಯಲ್ಲಿ, ಆಗಸ್ಟಿನಲ್ಲಿ ಹೆರಿಗೆ. ತಾಯಿ ಹೇಗೂ ಹೋಗಲೇಬೇಕು. “ಆ ಪ್ರಯಾಣಕ್ಕೇ ಕಡಲನ್ನೂ ಸೇರಿಸಿಬಿಟ್ಟರೆ ಒಂದೇ ಟಿಕೇಟಿನಲ್ಲಿ ಎರಡು ಕೆಲಸ” ಎಂಬುದು ಯಜಮಾನರ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ನೋಡಿದರೆ, ಊರನ್ನು ಆರಿಸುವ ಬಗೆ ತಾನಾಗಿ ತಿಳಿಯುತ್ತದೆ.

ಹವಾ ಬದಲಾವಣೆಯ ಪರಂಪರೆ

ಆರೋಗ್ಯಕ್ಕಾಗಿ ಊರು ಬದಲಿಸಿ ನಿಲ್ಲುವುದು ಹೊಸ ಪದ್ಧತಿಯಲ್ಲ. 1927ರಲ್ಲಿ ಅಸ್ವಸ್ಥರಾದ ಗಾಂಧೀಜಿ ಯಲಹಂಕದಾಚೆಯ ನಂದಿಬೆಟ್ಟವನ್ನೇರಿ, ಬೇಸಗೆಯಲ್ಲಿ ಸುಮಾರು ಒಂದೂವರೆ ತಿಂಗಳು ವಿಶ್ರಮಿಸಿದರು. 1936ರಲ್ಲಿ ಮತ್ತೊಮ್ಮೆ ಬಂದರು. ನಮ್ಮವರು ಬೆಟ್ಟವನ್ನು ಹುಡುಕಿದಂತೆ ಯೂರೋಪಿನವರು ಕಡಲನ್ನು ಹುಡುಕಿದರು. ಇಂದು ವಿಲಾಸಸ್ಥಾನಗಳೆಂದು ಹೆಸರಾದ ಅಲ್ಲಿನ ಎಷ್ಟೋ ಕಡಲೂರುಗಳನ್ನು ಬೆಳಕಿಗೆ ತಂದವರು ವಿಹಾರಿಗಳಲ್ಲ, ರೋಗಿಗಳು.

ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಇಟಲಿಯ ಗಡಿಗೆ ಅಂಟಿಕೊಂಡಿರುವ ಮಾಂತೋನ್ ಇದಕ್ಕೆ ಸಾಕ್ಷಿ. 1859ರಲ್ಲಿ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಆಂಗ್ಲ ವೈದ್ಯ, ಕ್ಷಯದಿಂದ ಜರ್ಝರಿತನಾಗಿ, ಸಾಯುವುದಕ್ಕೆಂದೇ ಅಲ್ಲಿಗೆ ಬಂದ; ಸಾಯಲಿಲ್ಲ. ಚೇತರಿಸಿಕೊಂಡು ಆ ಊರಿನ ಚಳಿಗಾಲದ ಹವೆಯನ್ನು ಕುರಿತು ಪುಸ್ತಕವನ್ನೇ ಬರೆದ. ಉತ್ತರದ ಶೀತಗಾಳಿಯನ್ನು ತಡೆಯುವ ಬೆಟ್ಟಗಳ ಸಾಲು, ಅದರ ಅಡಿಯಲ್ಲಿ ನಿಂಬೆಯ ತೋಟಗಳು. ಪುಸ್ತಕ ಓದಿದವರು ತಂಡತಂಡವಾಗಿ ಬಂದರು. ಎಲ್ಲರಿಗೂ ಬೆನೆಟ್ಟನ ಅದೃಷ್ಟವಿರಲಿಲ್ಲ. ಊರಿನ ಮೇಲಣ ದಿಬ್ಬದ ಹಳೆಯ ಸ್ಮಶಾನದಲ್ಲಿ ಇಂಗ್ಲೆಂಡು, ರಷ್ಯಾಗಳಿಂದ ಬಂದ ಎಳೆಯ ಪ್ರಾಯದವರ ಸಮಾಧಿಗಳು ಇಂದಿಗೂ ಕಡಲಿಗೆ ಮುಖ ಮಾಡಿವೆ.

ಮೊದಲು ದಿನಗಳ ಲೆಕ್ಕ

ನಮ್ಮ ಯಜಮಾನರು ಭೂಪಟವನ್ನು ಬಿಡಿಸಿದ್ದಾರೆ. ಆದರೆ ಮೊದಲು ಬಿಡಿಸಬೇಕಾದುದು ಪಂಚಾಂಗವನ್ನು.

ಯೂರೋಪಿನ 29 ದೇಶಗಳು ಷೆಂಗೆನ್ ಎಂಬ ಒಂದೇ ಪ್ರವೇಶವ್ಯವಸ್ಥೆಗೆ ಸೇರಿವೆ. ಭಾರತೀಯರು ಸಾಮಾನ್ಯ ಪ್ರವಾಸದ ವೀಸಾದ ಮೇಲೆ ಈ ಇಡೀ ಪ್ರದೇಶದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಒಳಬಂದ ದಿನವೂ ಹೊರಹೋದ ದಿನವೂ ಲೆಕ್ಕಕ್ಕೆ ಸೇರುತ್ತವೆ. ಜರ್ಮನಿಯಿಂದ ಪೋರ್ಚುಗಲ್ಲಿಗೆ ಹೋದ ಮಾತ್ರಕ್ಕೆ ಲೆಕ್ಕ ಹೊಸದಾಗಿ ಮೊದಲಾಗುವುದಿಲ್ಲ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಹಂತಹಂತವಾಗಿ ಬಂದ ಯಂತ್ರವ್ಯವಸ್ಥೆಯು ಈ ದಿನಗಳನ್ನು ತಾನೇ ಎಣಿಸುತ್ತದೆ. ಮರೆತೆನೆಂಬ ನೆಪ ಅದರ ಮುಂದೆ ನಡೆಯದು.

ಇಲ್ಲಿಯೇ ಯಜಮಾನರ ಲೆಕ್ಕ ತಪ್ಪುವುದು. ಗೃಹಿಣಿ ಮಗಳ ಮನೆಯಲ್ಲಿ 60 ದಿನ ನಿಂತು, ಎಣ್ಣೆ ನೀರು ಎರೆದು, ಕಷಾಯ ಕಾಯಿಸಿ, ರಾತ್ರಿಯೆಲ್ಲ ಕೂಸನ್ನು ಹೊತ್ತು ತಿರುಗಿದ ಬಳಿಕ, ಆಕೆಯ ಪಾಲಿಗೆ ಉಳಿಯುವುದು 30 ದಿನ ಮಾತ್ರ. ಕಡೆಯಲ್ಲಿ ಬಂದಿಳಿಯುವ ಯಜಮಾನರಿಗೆ ಪೂರ್ತಿ 90! ವಿಶ್ರಾಂತಿ ಯಾರಿಗೆ ಬೇಕಾಗಿತ್ತೋ ಅವರ ದಿನಗಳೇ ಖರ್ಚಾಗಿರುತ್ತವೆ.

ವೀಸಾವನ್ನು ಯಾವ ದೇಶದಲ್ಲಿ ಹೆಚ್ಚು ದಿನ ಇರುವುದೋ ಆ ದೇಶದಿಂದಲೇ ಕೇಳಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮಧುಮೇಹ, ರಕ್ತದೊತ್ತಡಗಳನ್ನು ವಿಮೆಯ ಕಾಗದದಲ್ಲಿ ಮುಚ್ಚಿಟ್ಟವರು ಆಸ್ಪತ್ರೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಕೇಂದ್ರ ಸರ್ಕಾರದ ನಿವೃತ್ತಿವೇತನ ಪಡೆಯುವವರು ಪ್ರತಿ ನವೆಂಬರಿನಲ್ಲಿ ಬದುಕಿರುವುದರ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂಬುದನ್ನೂ ಮರೆಯಬಾರದು.

ಬ್ರಿಟನ್ ಷೆಂಗೆನ್ ವ್ಯವಸ್ಥೆಗೆ ಸೇರಿಲ್ಲ. ಅಲ್ಲಿ ಸಾಮಾನ್ಯ ಪ್ರವಾಸಿಗೆ ಆರು ತಿಂಗಳವರೆಗೆ ಇರಲು ಅವಕಾಶವುಂಟು. ವರ್ಷವಿಡೀ ನಿಲ್ಲಬಯಸುವವರಿಗೆ ಪೋರ್ಚುಗಲ್ ದೇಶವು ನಿವೃತ್ತಿವೇತನದಂತಹ ಸ್ವಂತ ಆದಾಯವುಳ್ಳವರಿಗಾಗಿಯೇ ಒಂದು ವಾಸದ ವೀಸಾವನ್ನು ಇರಿಸಿದೆ. 2025ರಲ್ಲಿ ಅದಕ್ಕೆ ತಿಂಗಳಿಗೆ 870 ಯೂರೋ ಆದಾಯವನ್ನೂ, ಜೊತೆಗೆ ಬರುವ ಪತ್ನಿಗೆ ಅದರ ಅರ್ಧದಷ್ಟನ್ನೂ ತೋರಿಸಬೇಕಾಗಿತ್ತು. ಆದರೆ 183 ದಿನಗಳನ್ನು ಮೀರಿ ನಿಂತವರು ಅಲ್ಲಿನ ತೆರಿಗೆಯ ಕಟ್ಟಿಗೂ ಒಳಗಾಗಬಹುದು.

ಚಳಿಗಾಲದ ಮುಖ

ದಿನಗಳ ಬಳಿಕ ಋತು. ಕಡಲೂರಿನ ಚಿತ್ರಗಳೆಲ್ಲ ಬೇಸಗೆಯಲ್ಲಿ ತೆಗೆದವು. ಹೆಣ್ಣು ನೋಡುವ ಶಾಸ್ತ್ರದಂತೆ ಅಲಂಕಾರವಾದ ಮೇಲೆ ಕಂಡ ಮುಖಗಳು. ಊರಿನ ನಿಜಸ್ವರೂಪ ತಿಳಿಯುವುದು ಜನವರಿಯಲ್ಲಿ.

ಇಂಗ್ಲೆಂಡಿನ ಡೆವನ್ ಪ್ರಾಂತದ ಸಿಡ್‌ಮತ್ ಅತ್ಯಂತ ಶಾಂತವಾದ ಊರು. ಕೆಂಪು ಬಂಡೆಗಳ ನಡುವಣ ಸಣ್ಣ ಕಣಿವೆ, ಬಿಳಿಯ ಹಳೆಯ ಮನೆಗಳ ಸಾಲು. 1819ರ ಡಿಸೆಂಬರಿನಲ್ಲಿ ಕೆಂಟಿನ ಡ್ಯೂಕ್ ಸಾಲದ ಹೊರೆ ಹೊತ್ತು, ಖರ್ಚು ಕಡಮೆಯಾದೀತು, ಕಡಲಗಾಳಿಯೂ ಒದಗೀತು ಎಂದು ಹೆಂಡತಿಯನ್ನೂ ಏಳು ತಿಂಗಳ ಹೆಣ್ಣು ಮಗುವನ್ನೂ ಕರೆದುಕೊಂಡು ಅಲ್ಲಿಗೆ ಬಂದ. ಆ ಚಳಿಗಾಲ ತೀಕ್ಷ್ಣವಾಗಿತ್ತು. ಶೀತ ತಗಲಿ, ಜ್ವರವೇರಿ, 1820ರ ಜನವರಿ 23ರಂದು ಡ್ಯೂಕ್ ಅಲ್ಲಿಯೇ ತೀರಿಕೊಂಡ. ಆ ಮಗುವೇ ಮುಂದೆ ವಿಕ್ಟೋರಿಯಾ ರಾಣಿಯಾದಳು. ರಾಜಪುತ್ರನಿಗೂ ಕಡಲೂರಿನ ಚಳಿಗಾಲ ದಾಕ್ಷಿಣ್ಯ ತೋರಲಿಲ್ಲ.

ಬೆಳಕಿನ ಮಾತೂ ಉಂಟು. ಡಿಸೆಂಬರಿನ ಅತ್ಯಂತ ಸಣ್ಣ ದಿನದಲ್ಲಿಯೂ ಬೆಂಗಳೂರಿಗೆ ಹನ್ನೊಂದು ಗಂಟೆಗೂ ಮಿಗಿಲಾದ ಹಗಲುಂಟು. ಪೋರ್ಚುಗಲ್ಲಿನ ತೆಂಕಣ ತೀರಕ್ಕೆ ಒಂಬತ್ತೂವರೆ. ಸಿಡ್‌ಮತ್ತಿಗೆ ಸುಮಾರು ಎಂಟು. ನಾಲ್ಕು ಗಂಟೆಗೇ ದೀಪ ಹಚ್ಚಿ ಕುಳಿತ ಮನೆಯಲ್ಲಿ, ಮಾತಿಗೆ ಯಾರೂ ಇಲ್ಲದಿದ್ದರೆ, ಸಂಜೆ ಬಹು ಉದ್ದವಾಗುತ್ತದೆ.

ಮೂರು ಊರುಗಳ ತೂಕ

ಸಿಡ್‌ಮತ್ತಿಗೆ ಭಾಷೆಯ ಅನುಕೂಲವಿದೆ. ಇಂಗ್ಲಿಷ್ ಬಲ್ಲವರಿಗೆ ವೈದ್ಯನೊಡನೆ ಮಾತನಾಡುವ ತೊಂದರೆಯಿಲ್ಲ. ಆದರೆ 1967ರಲ್ಲಿ ಅಲ್ಲಿನ ರೈಲುದಾರಿಯನ್ನು ಮುಚ್ಚಿದರು. ದೊಡ್ಡ ಆಸ್ಪತ್ರೆಗೆಂದರೆ ಎಕ್ಸಿಟರ್ ನಗರಕ್ಕೆ ರಸ್ತೆಯ ಮೇಲೆಯೇ ಹೋಗಬೇಕು. ಪ್ರವಾಸಿಗಳು ಒಳರೋಗಿಗಳಾದರೆ ಹಣವನ್ನೂ ತೆರಬೇಕು.

ಮಾಂತೋನ್‌ಗೆ ಬೆಚ್ಚನೆಯ ಚಳಿಗಾಲವಿದೆ, ನೀಸ್ ನಗರಕ್ಕೆ ರೈಲಿದೆ. ಆದರೆ ಅಗ್ಗದ ಊರಲ್ಲ. ಫೆಬ್ರವರಿಯಲ್ಲಿ ನಿಂಬೆಹಣ್ಣಿನ ಜಾತ್ರೆ ನಡೆಯುವಾಗ ಶಾಂತವೂ ಅಲ್ಲ.

ಮೂರನೆಯದು ಪೋರ್ಚುಗಲ್ಲಿನ ಅಲ್ಗಾರ್ವ್ ತೀರದ ತವೀರಾ. ಫಾರೋ ವಿಮಾನನಿಲ್ದಾಣದಿಂದ ಪೂರ್ವಕ್ಕೆ, ರೈಲುನಿಲ್ದಾಣವುಳ್ಳ ಪುಟ್ಟ ಊರು. ನಡುವೆ ಹರಿಯುವ ನದಿಗೆ ಏಳು ಕಮಾನುಗಳ ಹಳೆಯ ಸೇತುವೆ. ಮರಳುತೀರವು ಊರಿಗೆ ತಗುಲಿಕೊಂಡಿಲ್ಲ. ಎದುರಿನ ದ್ವೀಪಕ್ಕೆ ದೋಣಿಯಲ್ಲಿ ದಾಟಬೇಕು. ಆದುದರಿಂದಲೇ ವಿಹಾರಿಗಳ ಗದ್ದಲ ಊರಿನೊಳಗೆ ಕೊಂಚ ಕಡಮೆ. ಅಂಚಿನಲ್ಲಿ ಉಪ್ಪಿನ ಗದ್ದೆಗಳು. ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ಕಂಡವರಿಗೆ ಚೌಕಚೌಕದ ಆ ಮಡಿಗಳೂ ಬೆಳ್ಳನೆಯ ರಾಶಿಗಳೂ ಹೊಸತೆನಿಸವು. 2013ರಲ್ಲಿ ಯುನೆಸ್ಕೋ ಸಂಸ್ಥೆ ಮೆಡಿಟರೇನಿಯನ್ ಆಹಾರಪದ್ಧತಿಗೆ ಮನ್ನಣೆ ವಿಸ್ತರಿಸಿದಾಗ ಪೋರ್ಚುಗಲ್ಲಿನ ಪರವಾಗಿ ನಿಂತದ್ದು ಈ ಊರೇ. ಕಡಲೆಕಾಳು, ಬಾದಾಮಿ, ಅಂಜೂರ, ಕಿತ್ತಳೆ ಸಂತೆಯಲ್ಲಿ ದೊರೆಯುವುದರಿಂದ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ.

ದೋಷಗಳೂ ಇವೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅನೇಕ ಹಳೆಯ ಮನೆಗಳಲ್ಲಿ ಬೆಚ್ಚಗಿಡುವ ವ್ಯವಸ್ಥೆ ಇಲ್ಲದೆ, ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಜುಲೈ, ಆಗಸ್ಟಿನಲ್ಲಿ ಬಾಡಿಗೆ ಏರುತ್ತದೆ. ದೊಡ್ಡ ಆಸ್ಪತ್ರೆಗೆ ಫಾರೋ ನಗರಕ್ಕೇ ಹೋಗಬೇಕು.

ಒಂಟಿಯಾಗುವವರು ಯಾರು?

ಇಷ್ಟೆಲ್ಲ ತೂಗಿದ ಬಳಿಕವೂ ಒಂದು ಪ್ರಶ್ನೆ ಉಳಿಯುತ್ತದೆ. ಊರನ್ನು ಆರಿಸುವವರೊಬ್ಬರು, ಅಲ್ಲಿ ದಿನಗಳನ್ನು ಕಳೆಯಬೇಕಾದವರು ಇನ್ನೊಬ್ಬರು ಆಗುವುದುಂಟು.

ಕೊಡಗಿನ ಇತಿಹಾಸ ಇದಕ್ಕೆ ಅತ್ಯಂತ ಕರುಣಾಜನಕ ಉದಾಹರಣೆಯನ್ನು ಇರಿಸಿದೆ. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರ, 1852ರಲ್ಲಿ ಹತ್ತು ವರ್ಷದ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ದ. ಅದೇ ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಹುಡುಗಿಯ ಮತಾಂತರವಾಯಿತು. ರಾಣಿಯ ಹೆಸರನ್ನೇ ಇಟ್ಟರು. ತಂದೆಯ ಒಡನಾಟದಿಂದ ದೂರವಿರಿಸಿ ಪರರ ಆರೈಕೆಯಲ್ಲಿ ಬೆಳೆಸಿದರು. ಅರಮನೆಯ ಮನ್ನಣೆಗೆ ಕೊರತೆಯಿರಲಿಲ್ಲ. ತನ್ನವರೆಂಬ ಜನ ಮಾತ್ರ ಇರಲಿಲ್ಲ. 1864ರಲ್ಲಿ, ಇಪ್ಪತ್ಮೂರು ತುಂಬುವ ಮೊದಲೇ, ಆಕೆ ಅಲ್ಲಿಯೇ ಮಡಿದಳು. ದೂರದೇಶವನ್ನು ಆಕೆಗಾಗಿ ಹಿರಿಯರು ಆರಿಸಿದ್ದರು; ಆಕೆಯನ್ನು ಯಾರೂ ಕೇಳಿರಲಿಲ್ಲ.

ಎಪ್ಪತ್ತೈದು ದಿನಗಳ ವಾಸವನ್ನು ಆ ದುರಂತದೊಡನೆ ಹೋಲಿಸಲಾಗದು, ನಿಜ. ಆದರೆ ಪಾಠ ಒಂದೇ. ಯಜಮಾನರಿಗೆ ಪತ್ರಿಕೆ, ನಡಿಗೆ, ಕಡಲ ಕಡೆಗೊಂದು ಬೆಂಚು ಇದ್ದರೆ ಹೊತ್ತು ಹೋಗುತ್ತದೆ. ಅಪರಿಚಿತ ಒಲೆಯ ಮುಂದೆ ನಿಲ್ಲುವ ಗೃಹಿಣಿಗೆ ಎದುರುಮನೆಯವರ ಮಾತು, ಗುಡಿಯ ಗಂಟೆ, ಹೂ ಮಾರುವವಳ ಕೂಗು ಒಂದೂ ಇಲ್ಲದ ಊರು ವಿಶ್ರಾಂತಿಯಲ್ಲ, ವನವಾಸ. ಆದಕಾರಣ ಊರನ್ನು ಆರಿಸುವ ಹಕ್ಕು ಅಲ್ಲಿ ಯಾರು ಹೆಚ್ಚು ಒಂಟಿಯಾಗುವರೋ ಅವರದು. ಅವರು ಕೇಳುವ ಪ್ರಶ್ನೆಗಳೇ ಸರಿಯಾದ ಪ್ರಶ್ನೆಗಳು: ನಡೆದುಹೋಗುವಷ್ಟು ಹತ್ತಿರದಲ್ಲಿ ಸಂತೆಯಿದೆಯೆ? ಚಳಿಗಾಲದಲ್ಲಿಯೂ ಅಂಗಡಿಗಳು ತೆರೆದಿರುತ್ತವೆಯೆ? ರಾತ್ರಿ ಎದೆನೋವು ಬಂದರೆ ಯಾರನ್ನು ಕರೆಯುವುದು? ಮಗಳು ಎಷ್ಟು ಹೊತ್ತಿನಲ್ಲಿ ಬಂದಾಳು?

ಭಾಷೆಯ ಭಯವೂ ಪೂರ್ತಿ ನಿಜವಲ್ಲ. ತವೀರಾದ ಸಂತೆಯಲ್ಲಿ ಆಲೂಗಡ್ಡೆಗೆ ‘ಬಟಾಟ’ ಎನ್ನುತ್ತಾರೆ. ನಮ್ಮ ಕರಾವಳಿಯವರ ‘ಬಟಾಟೆ’ ಅಲ್ಲಿಂದ ಬಂದದ್ದೇ. ಚಾವಿ, ಪಗಾರ, ಪಾದ್ರಿ, ಅನಾನಸು, ಇವೆಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದ ಮಾತುಗಳು. ನಮ್ಮ ಸಾರಿಗೆ ಖಾರ ಕೊಟ್ಟ ಮೆಣಸಿನಕಾಯಿಯೂ ಅದೇ ಹಡಗುಗಳಲ್ಲಿ ಬಂದದ್ದು. ಐದುನೂರು ವರ್ಷಗಳ ಹಿಂದಿನ ಆ ನೆಂಟಸ್ತನ ಸಂತೆಯ ಕಟ್ಟೆಯ ಮೇಲೆ ಒಂದೆರಡು ಮಾತಿಗಾದರೂ ಸಾಲುತ್ತದೆ.

ಹೊರಡುವ ಮುನ್ನ

ಕಡಲಿನ ಬಳಿ ಎಂದೂ ಬಾಳದವರು ಮೊದಲು ಸ್ವದೇಶದಲ್ಲಿ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ. ಯಶವಂತಪುರದಲ್ಲಿ ರೈಲು ಹತ್ತಿ ಕರಾವಳಿಗಿಳಿದು, ಪ್ರವಾಸಿಗಳಿಲ್ಲದ ಒಂದು ಊರಿನಲ್ಲಿ ಮಳೆಗಾಲದ ಹದಿನೈದು ದಿನ ನಿಂತು ನೋಡಬಹುದು. ಅಲೆಗಳ ಸದ್ದು ಹದಿನೈದನೆಯ ರಾತ್ರಿಯೂ ನಿದ್ರೆ ತಂದರೆ ಮುಂದಿನ ಮಾತು.

ಉಪನಗರದ ಆ ಮನೆಯಲ್ಲಿ ಇಷ್ಟೆಲ್ಲ ವಿಚಾರಿಸಿ ನೋಡಿದರೆ ತೀರ್ಮಾನ ಹೀಗಾದೀತು: ಬಾಣಂತನವೇ ಬೇರೆ, ಕಡಲೇ ಬೇರೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮಗಳ ಮನೆ. ಅನಂತರ ಊರಿಗೆ ಮರಳಿ, ನವೆಂಬರಿನ ಪ್ರಮಾಣಪತ್ರ ಮುಗಿಸಿ, ಆರು ತಿಂಗಳು ಕಾಯುವುದು. ಏಪ್ರಿಲ್ ನಡುವಿನ ಹೊತ್ತಿಗೆ ಹಳೆಯ 60 ದಿನಗಳು ಲೆಕ್ಕದಿಂದ ಜಾರಿರುತ್ತವೆ. ಅಲ್ಲಿ ಮಳೆಯ ಕಾಲವೂ ಮುಗಿಯುತ್ತ ಬಂದಿರುತ್ತದೆ. ಜೂನ್ ಕಡೆಯವರೆಗೆ ತವೀರಾದಲ್ಲಿ ಇಬ್ಬರಿಗೂ ಸಮನಾದ ಎಪ್ಪತ್ತೈದು ದಿನ. ಮಿಕ್ಕ ಹದಿನೈದು, ಮಗಳು ಕರೆದರೆ ಓಡುವುದಕ್ಕೆ.

ತುಳಸಿಗೆ ನೀರೆರೆಯಲು ಬೀಗದ ಕೈ ಪಕ್ಕದ ಮನೆಗೆ ಹೋಗುತ್ತದೆ. ಉಳಿಯುವ ಆಕ್ಷೇಪ ಒಂದೇ, ಅದೂ ಗೃಹಿಣಿಯದು: “ಆ ವರ್ಷದ ಮಾವಿನಹಣ್ಣು ತಪ್ಪಿಹೋಗುತ್ತದಲ್ಲ!” ಅದಕ್ಕೆ ಉತ್ತರ ಯಾವ ಭೂಪಟದಲ್ಲಿಯೂ ಇಲ್ಲ.