ಗತಕಾಲದ ರೂಢಿ: ಕನ್ನಡದ ‘-ತ್ತಿದ್ದ’ ರೂಪ ಮತ್ತು ಇಂಗ್ಲಿಷಿನ ಆಯ್ಕೆಗಳು

ಗಡಿನಾಡಿನ ಹಿರಿಯರ ನೆನಪುಗಳನ್ನು ದಾಖಲಿಸುವ ಸಂಶೋಧಕರು ಒಂದಲ್ಲ ಒಂದು ಹಂತದಲ್ಲಿ ಅವುಗಳನ್ನು ಇಂಗ್ಲಿಷಿಗೆ ತರಬೇಕಾಗುತ್ತದೆ. ‘ಮನೆಯಲ್ಲಿ ನಾವು ಕನ್ನಡ ಮಾತಾಡುತ್ತಿದ್ದೆವು’ ಎಂಬ ಸರಳ ವಾಕ್ಯವನ್ನೇ ತೆಗೆದುಕೊಳ್ಳಬಹುದು. ‘ವಿ ವರ್ ಸ್ಪೀಕಿಂಗ್’, ‘ವಿ ಸ್ಪೋಕ್’, ‘ವಿ ಯೂಸ್ಡ್ ಟು ಸ್ಪೀಕ್’, ‘ವಿ ವುಡ್ ಸ್ಪೀಕ್’ ಎಂಬ ನಾಲ್ಕು ರೂಪಗಳೂ ಇಂಗ್ಲಿಷ್ ವ್ಯಾಕರಣಕ್ಕೆ ಸಮ್ಮತವಾದವು. ಆದರೆ ಅವು ಹೇಳುವ ಸಂಗತಿ ಒಂದೇ ಅಲ್ಲ. ಮೂರನೆಯದನ್ನು ಓದಿದವರು ಆ ಮನೆಯಲ್ಲಿ ಈಗ ಕನ್ನಡ ನಿಂತುಹೋಗಿದೆ ಎಂದು ಭಾವಿಸುತ್ತಾರೆ. ಮೂಲ ವಾಕ್ಯ ಅಷ್ಟನ್ನು ಹೇಳಿರುವುದಿಲ್ಲ. ಭಾಷೆಯ ಅಳಿವು ಉಳಿವನ್ನು ಕುರಿತ ಬರಹದಲ್ಲಿ ಈ ಅಂತರ ಕೇವಲ ಶೈಲಿಗೆ ಸಂಬಂಧಿಸಿದ್ದಲ್ಲ, ಸಾಕ್ಷ್ಯಕ್ಕೆ ಸಂಬಂಧಿಸಿದ್ದು.

ಕನ್ನಡದ ಒಂದು ರೂಪ, ಮೂರು ಅರ್ಥ

ಬರ್ನಾರ್ಡ್ ಕಾಮ್ರಿ 1976ರಲ್ಲಿ ಪ್ರಕಟಿಸಿದ ‘ಆಸ್ಪೆಕ್ಟ್’ ಎಂಬ ಗ್ರಂಥದಲ್ಲಿ, ಮುಗಿತಾಯವನ್ನು ಸೂಚಿಸದ ಕ್ರಿಯಾರೂಪಗಳನ್ನು ರೂಢಿಸೂಚಕ ಮತ್ತು ನಿರಂತರತಾಸೂಚಕ ಎಂದು ಎರಡಾಗಿ ವಿಂಗಡಿಸಿದರು. ಕನ್ನಡದ ‘ಮಾಡುತ್ತಿದ್ದ’ ಈ ಎರಡನ್ನೂ ಒಳಗೊಳ್ಳುತ್ತದೆ. ‘ನಾನು ಒಳಗೆ ಬಂದಾಗ ಅವನು ಓದುತ್ತಿದ್ದ’ ಎಂಬಲ್ಲಿ ಅದು ಒಂದು ಕ್ಷಣದಲ್ಲಿ ನಡೆಯುತ್ತಿದ್ದ ಕ್ರಿಯೆ. ‘ಚಿಕ್ಕಂದಿನಲ್ಲಿ ಅವನು ದಿನವೂ ಓದುತ್ತಿದ್ದ’ ಎಂಬಲ್ಲಿ ರೂಢಿ. ‘ಮಳೆ ಬಂದಿದ್ದರೆ ಬೆಳೆ ಬರುತ್ತಿತ್ತು’ ಎಂಬಲ್ಲಿ ಅದೇ ರೂಪ ನಡೆಯದೇ ಹೋದ ಸಂಗತಿಯನ್ನು ಸೂಚಿಸುತ್ತದೆ. ಅರ್ಥವನ್ನು ಬೇರ್ಪಡಿಸುವ ಹೊಣೆ ‘ದಿನವೂ’, ‘ಆಗ’, ‘-ದರೆ’ ಮೊದಲಾದ ಜೊತೆಯ ಪದಗಳ ಹಾಗೂ ಪ್ರತ್ಯಯಗಳ ಮೇಲಿದೆ.

ಗಡಿಭಾಗದ ನೆರೆಭಾಷೆಗಳಲ್ಲಿ ವ್ಯವಸ್ಥೆ ಬೇರೆಯಾಗಿದೆ. ತೆಲುಗಿನ ‘ವೆಳ್ಳೇವಾಡು’ ಗತಕಾಲದ ರೂಢಿಗೆಂದೇ ಇರುವ ರೂಪ. ಮಲಯಾಳದಲ್ಲಿ ರೂಢಿಗೆ ‘ಪೋಕಾರುಂಡಾಯಿರುನ್ನು’, ನಡೆಯುತ್ತಿದ್ದ ಕ್ರಿಯೆಗೆ ‘ಪೋಕುಕಯಾಯಿರುನ್ನು’ ಎಂಬ ಭೇದವಿದೆ. ಮರಾಠಿಯ ‘ಜಾತ್ ಅಸೇ’, ‘ಜಾಯಚೋ’ ರೂಪಗಳು ರೂಢಿಯನ್ನು ಹೇಳಿದರೆ, ‘ಜಾತ್ ಹೋತೋ’ ಮುಖ್ಯವಾಗಿ ನಿರಂತರತೆಯನ್ನು ಹೇಳುತ್ತದೆ. ತಮಿಳಿನಲ್ಲಿ ‘ಪೋವಾನ್’ ಎಂಬ ಭವಿಷ್ಯದ್ರೂಪವೇ ತಕ್ಕ ಸಂದರ್ಭದಲ್ಲಿ ಹಿಂದಿನ ರೂಢಿಗೂ ಸಲ್ಲುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ‘ವಿಲ್’ ಎಂಬುದರ ಭೂತರೂಪವೇ ಆಗಿರುವುದರಿಂದ ಈ ಸಾಮ್ಯ ಗಮನಾರ್ಹವಾದುದು.

ಇಂಗ್ಲಿಷಿನ ನಾಲ್ಕು ಮಾರ್ಗಗಳು

ಮೊದಲನೆಯದು ಸರಳ ಭೂತಕಾಲ. ‘ಎವ್ರಿ ಇಯರ್’, ‘ಆಫನ್’ ಮೊದಲಾದ ಕಾಲಸೂಚಕಗಳೊಡನೆ ‘ವಿ ವೆಂಟ್’ ಎಂದರೆ ರೂಢಿಯೇ ಆಗುತ್ತದೆ. ಆ ರೂಢಿ ಈಗ ಉಳಿದಿದೆಯೋ ಇಲ್ಲವೋ ಎಂಬ ಬಗ್ಗೆ ಅದು ಮೌನವಾಗಿರುತ್ತದೆ. ಒಟ್ಟು ಅವಧಿಯನ್ನೋ ಒಟ್ಟು ಸಂಖ್ಯೆಯನ್ನೋ ಹೇಳುವಾಗ ಬಳಸಬೇಕಾದುದು ಇದನ್ನೇ. ‘ಹತ್ತು ವರ್ಷ ಅಡೋನಿಯಲ್ಲಿದ್ದರು’ ಎಂಬುದು ‘ದೇ ಲಿವ್ಡ್ ಇನ್ ಅಡೋನಿ ಫಾರ್ ಟೆನ್ ಇಯರ್ಸ್’ ಆಗಬೇಕು. ಅಲ್ಲಿ ‘ಯೂಸ್ಡ್ ಟು ಲಿವ್’ ಸಲ್ಲದು.

ಎರಡನೆಯದಾದ ‘ಯೂಸ್ಡ್ ಟು’ ಕ್ರಿಯೆಗೂ ಸ್ಥಿತಿಗೂ ಒಪ್ಪುತ್ತದೆ. 1956ಕ್ಕೆ ಮುನ್ನ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ‘ಕಾಸರಗೋಡ್ ಯೂಸ್ಡ್ ಟು ಬಿ ಇನ್ ಸೌತ್ ಕೆನರಾ’ ಎಂಬುದು ಸರಿಯಾದ ವಾಕ್ಯ, ಏಕೆಂದರೆ ಆ ಸ್ಥಿತಿ ಬದಲಾಗಿದೆ. ಈ ರೂಪದಿಂದ ಹೊರಡುವ ‘ಈಗ ಇಲ್ಲ’ ಎಂಬ ಅರ್ಥ ವಾಚ್ಯವಲ್ಲ, ಧ್ವನಿತ. ‘ಆ್ಯಂಡ್ ವಿ ಸ್ಟಿಲ್ ಡೂ’ ಎಂದು ಸೇರಿಸಿ ಅದನ್ನು ವಿರೋಧವಿಲ್ಲದೆ ಅಳಿಸಬಹುದು ಎಂಬುದೇ ಇದಕ್ಕೆ ಸಾಕ್ಷಿ. ಆದರೆ ಹಾಗೆ ಅಳಿಸದಿದ್ದರೆ ಓದುಗರ ಮನಸ್ಸಿನಲ್ಲಿ ಅದು ನಿಂತೇ ನಿಲ್ಲುತ್ತದೆ. ನಿಷೇಧದಲ್ಲಿ ಧ್ವನಿ ತಿರುಗುಮುರುಗಾಗುತ್ತದೆ. ‘ಶಾಲೆಯಲ್ಲಿ ಮಲಯಾಳ ಕಲಿಸುತ್ತಿರಲಿಲ್ಲ’ ಎಂಬುದನ್ನು ‘ಡಿಡ್ ನಾಟ್ ಯೂಸ್ ಟು ಟೀಚ್’ ಎಂದು ಅನುವಾದಿಸಿದರೆ ಈಗ ಕಲಿಸುತ್ತಾರೆ ಎಂಬ ಸೂಚನೆ ತಾನಾಗಿ ಸೇರಿಕೊಳ್ಳುತ್ತದೆ.

ಮೂರನೆಯದಾದ ‘ವುಡ್’ ಮರುಮರಳಿ ನಡೆದ ಕ್ರಿಯೆಗಳಿಗೆ ಮೀಸಲು. ಬಹುಕಾಲ ನೆಲೆಸಿದ ಸ್ಥಿತಿಗೆ ಅದು ಹೊಂದದು; ‘ಕಾಸರಗೋಡ್ ವುಡ್ ಬಿ ಇನ್ ಸೌತ್ ಕೆನರಾ’ ಎಂದರೆ ಓದುಗರು ಅದನ್ನು ಊಹೆಯ ಮಾತಾಗಿ ಗ್ರಹಿಸುತ್ತಾರೆ. ಪ್ರತಿಸಲವೂ ಮರುಕಳಿಸುವ ಸ್ಥಿತಿಗೆ ಮಾತ್ರ ವಿನಾಯಿತಿ ಇದೆ: ಪ್ರತಿ ವರ್ಷ ‘ಜಾತ್ರೆ ಇರುತ್ತಿತ್ತು’ ಎಂಬುದಕ್ಕೆ ‘ದೇರ್ ವುಡ್ ಬಿ ಎ ಫೇರ್’ ಸರಿಯೇ. ಇಲ್ಲಿ ಕನ್ನಡವೂ ‘ಇತ್ತು’ ಎನ್ನದೆ ‘ಇರುತ್ತಿತ್ತು’ ಎಂದು ಭೇದ ತೋರುತ್ತದೆ. ‘ವುಡ್’ ಬಳಸುವ ಮುನ್ನ ಕಾಲದ ಚೌಕಟ್ಟು ಸ್ಥಾಪಿತವಾಗಿರಬೇಕು. ಅದಿಲ್ಲದೆ ‘ಜೋಳ ಬರುತ್ತಿತ್ತು’ ಎಂಬುದಕ್ಕೆ ‘ವುಡ್’ ಬಳಸಿದರೆ, ಹೇಳದೆ ಉಳಿದ ಷರತ್ತೊಂದನ್ನು ಓದುಗರು ಹುಡುಕತೊಡಗುತ್ತಾರೆ. ಆದ್ದರಿಂದಲೇ ಇಂಗ್ಲಿಷ್ ಆತ್ಮಕಥನಗಳಲ್ಲಿ ಮೊದಲ ವಾಕ್ಯಕ್ಕೆ ‘ಯೂಸ್ಡ್ ಟು’ ಅಥವಾ ಸರಳ ಭೂತ, ಅನಂತರದ ವಿವರಗಳಿಗೆ ‘ವುಡ್’ ಎಂಬ ಕ್ರಮ ಸಾಮಾನ್ಯವಾಗಿದೆ.

ನಾಲ್ಕನೆಯದಾದ ‘ವಾಸ್’, ‘ವರ್’ ಸೇರಿದ ನಿರಂತರ ಭೂತವು ಒಂದು ನಿರ್ದಿಷ್ಟ ಸಮಯದಲ್ಲಿ ನಡೆಯುತ್ತಿದ್ದುದನ್ನೋ ತಾತ್ಕಾಲಿಕವಾದುದನ್ನೋ ಸೂಚಿಸುತ್ತದೆ. ‘ಆಲ್ವೇಸ್’ ಜೊತೆಗೂಡಿದಾಗ ಅದು ರೂಢಿಯನ್ನು ಹೇಳುವುದುಂಟು; ಆಗ ಹೆಚ್ಚಾಗಿ ಬೇಸರದ ಅಥವಾ ಅಚ್ಚರಿಯ ಛಾಯೆ ಬರುತ್ತದೆ. ‘-ತ್ತಿದ್ದ’ ಕಂಡಲ್ಲೆಲ್ಲ ‘ವರ್ ಗೋಯಿಂಗ್’ ಎಂದು ಬರೆಯುವುದು ಕನ್ನಡ ಹಿನ್ನೆಲೆಯವರ ಇಂಗ್ಲಿಷಿನಲ್ಲಿ ಕಾಣುವ ಸಹಜ ಜಾರುವಿಕೆ. ಹಾಗೆ ಬರೆದಾಗ ತಲೆಮಾರುಗಳ ರೂಢಿ ಒಂದು ಮಧ್ಯಾಹ್ನದ ಘಟನೆಯಷ್ಟಕ್ಕೆ ಕುಗ್ಗುತ್ತದೆ.

ರೂಪಸಾಮ್ಯದ ತೊಡಕುಗಳು

‘ಬಿ ಯೂಸ್ಡ್ ಟು’ ಎಂಬುದು ‘ಒಗ್ಗಿಕೊಂಡಿರು’ ಎಂಬ ಅರ್ಥದ ಬೇರೊಂದು ರಚನೆ. ಅದರ ಮುಂದೆ ನಾಮಪದವೋ ‘-ಇಂಗ್’ ರೂಪವೋ ಬರಬೇಕು. ಅದಕ್ಕೆ ಎಲ್ಲ ಕಾಲಗಳೂ ಉಂಟು. ರೂಢಿಸೂಚಕ ‘ಯೂಸ್ಡ್ ಟು’ ಮುಂದೆ ಕ್ರಿಯೆಯ ಮೂಲರೂಪ ಮಾತ್ರ ಬರುತ್ತದೆ. ‘ಯೂಸ್’ ಕ್ರಿಯಾಪದವು ‘ರೂಢಿಯಾಗಿ ಮಾಡು’ ಎಂಬ ಅರ್ಥದಲ್ಲಿ ಹಿಂದೆ ವರ್ತಮಾನದಲ್ಲಿಯೂ ಬಳಕೆಯಲ್ಲಿತ್ತು, ಈಗಿಲ್ಲ. ಆದುದರಿಂದ ಇಂದಿನ ರೂಢಿಗೆ ‘ಐ ಯೂಸ್ ಟು ಗೋ’ ಎನ್ನದೆ ‘ಐ ಯೂಶುವಲಿ ಗೋ’ ಎನ್ನಬೇಕು. ‘ಯೂಸ್ಡ್ ಟು’ ಉಚ್ಚಾರಣೆಯಲ್ಲಿ ‘ಯೂಸ್ಟು’ ಎಂದು ಕೂಡಿಹೋಗುವುದರಿಂದ ಬರವಣಿಗೆಯಲ್ಲಿ ಕೊನೆಯ ‘ಡ್’ ಬಿಟ್ಟುಹೋಗುತ್ತದೆ. ‘ಡಿಡ್’ ಬಂದಾಗ ಮಾತ್ರ ಆ ಲೋಪ ನಿಯಮಬದ್ಧ.

ಅನುವಾದಕರ ಮುಂದಿರುವ ಪ್ರಶ್ನೆಗಳು

ಇಷ್ಟನ್ನೂ ಗಮನಿಸಿದರೆ ‘-ತ್ತಿದ್ದ’ ರೂಪವನ್ನು ಅನುವಾದಿಸುವ ಮುನ್ನ ಮೂರು ಪ್ರಶ್ನೆಗಳು ಅಗತ್ಯವೆನಿಸುತ್ತವೆ. ಅದು ಒಮ್ಮೆ ನಡೆಯುತ್ತಿದ್ದುದೋ, ಮರುಮರಳಿ ನಡೆದುದೋ? ಕ್ರಿಯೆಯೋ, ಸ್ಥಿತಿಯೋ? ಅದು ನಿಂತಿದೆಯೆಂದು ಹೇಳಿದವರಿಂದಲೇ ತಿಳಿದಿದೆಯೋ? ಮೂರನೆಯದಕ್ಕೆ ಉತ್ತರ ದಾಖಲೆಯಲ್ಲಿ ಇಲ್ಲದಿದ್ದರೆ ‘ಯೂಸ್ಡ್ ಟು’ ಬಿಟ್ಟು, ಕಾಲಸೂಚಕ ಸಹಿತವಾದ ಸರಳ ಭೂತವನ್ನು ಆರಿಸುವುದು ಕ್ಷೇಮ. ಸಾಧ್ಯವಾದರೆ ‘ಈಗಲೂ ಮಾತಾಡುತ್ತೀರಾ?’ ಎಂದು ಹಿರಿಯರನ್ನೇ ಕೇಳಿ ಬರೆದುಕೊಳ್ಳುವುದು ಇನ್ನೂ ಉತ್ತಮ. ಮಾತಾಡುವ ನುಡಿಯೊಂದನ್ನು ಅನುವಾದದ ಒಂದು ಸಹಾಯಕ ಪದ ಗತಕಾಲಕ್ಕೆ ಸೇರಿಸಿಬಿಡಬಾರದು. ಹಾಗೆಯೇ, ನಿಜವಾಗಿ ನಿಂತುಹೋದುದನ್ನು ಮರೆಮಾಚಲೂಬಾರದು.