ಒಂದು ಹಾಡು, ಒಂದು ವಾರದ ಪಟ್ಟ

'ಕೋಯೀ ಯಹಾಂ ನಾಚೇ ನಾಚೇ' ಎಂಬ ಹಾಡು ಕಿವಿಗೆ ಬೀಳದ ಮುಂಬಯಿವಾಸಿ ವಿರಳ. ೧೯೮೨ರಲ್ಲಿ ತೆರೆಕಂಡ 'ಡಿಸ್ಕೋ ಡಾನ್ಸರ್' ಚಿತ್ರಕ್ಕಾಗಿ ಉಷಾ ಉತ್ತುಪ್ ಅವರೂ ಬಪ್ಪಿ ಲಾಹಿರಿಯವರೂ ಹಾಡಿದ ಗೀತೆಯದು. ಆದರೆ ಅದರ ಧಾಟಿ ಹುಟ್ಟಿದುದು ಮುಂಬಯಿಯಲ್ಲಲ್ಲ, ಲಂಡನ್ನಿನಲ್ಲಿ. ಅದನ್ನು ಹುಟ್ಟಿಸಿದವರ ಹೆಸರು ನಮ್ಮ ಬಹುಪಾಲು ಶ್ರೋತೃಗಳಿಗೆ ತಿಳಿಯದು. ಉಂಡೆದ್ದವನು ಅಡುಗೆಯವನ ಹೆಸರು ಕೇಳುವುದುಂಟೆ?

ಈ ಕಥೆಯ ಮೊದಲಲ್ಲಿ ಬರುವವರು ಕನ್ನಡ ನಾಡಿನವರೇ ಎಂಬುದು ವಾಚಕರಿಗೆ ಸಂತೋಷ ತಂದೀತು. ಕೊಡವ ಮನೆತನದ ಬಿದ್ದು ಅಪ್ಪಯ್ಯನವರು ಬೆಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿ ಪಾಶ್ಚಾತ್ಯ ಸಂಗೀತದ ಮೇಳದಲ್ಲಿ ಹಾಡಿ, ೧೯೬೦ರ ದಶಕದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಸೇರಿದರು. ಅಲ್ಲಿ ಅವರಿಗೆ ಮೊದಲು ಅನ್ನವಿತ್ತುದು ಸಂಗೀತವಲ್ಲ. ಅಮೆರಿಕದ ರಾಯಭಾರ ಕಚೇರಿಯ ಅಡುಗೆಮನೆ! ಅಲ್ಲಿ ಕೂಡಿಟ್ಟ ಹಣದಿಂದ ಧ್ವನಿಮುದ್ರಣ ಶಾಲೆಯನ್ನು ಬಾಡಿಗೆಗೆ ಹಿಡಿದು ಕಸುಬಿಗೆ ಇಳಿದರು. ೧೯೭೪ರಲ್ಲಿ ಅವರು ನಿರ್ಮಿಸಿದ 'ಕುಂಗ್ ಫೂ ಫೈಟಿಂಗ್' ಇಂಗ್ಲೆಂಡ್, ಅಮೆರಿಕಗಳೆರಡರಲ್ಲೂ ಅಗ್ರಸ್ಥಾನ ಪಡೆಯಿತು. ೧೯೭೬ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಯ ಧ್ವನಿಮುದ್ರಿಕೆಯಿಂದ ಇಂಗ್ಲೆಂಡಿನಲ್ಲಿ ಮತ್ತೊಮ್ಮೆ ಆ ಸ್ಥಾನ ಅವರದಾಯಿತು.

ಆ ಗಾಯಕಿಯ ಹಿಂದೆ ನಿಂತು ವಾದ್ಯ ನುಡಿಸುತ್ತಿದ್ದ ಕೂಲಿಯ ಕಲಾವಿದರಲ್ಲಿ ಬಾಸ್ ಗಿಟಾರಿನ ಟ್ರೆವರ್ ಹಾರ್ನ್, ಕೀಲಿಮಣೆಯ ಜೆಫ್ ಡೌನ್ಸ್ ಎಂಬಿಬ್ಬರಿದ್ದರು. ಬಿದ್ದು ಅವರ ಹಿನ್ನೆಲೆ ಸಂಗೀತದ ಪ್ರಭಾವ ತಮ್ಮ ಆರಂಭದ ರಚನೆಗಳ ಮೇಲೆ ಆದುದನ್ನು ಅವರು ಮರೆಮಾಚಲಿಲ್ಲ. ಬ್ರೂಸ್ ವುಲಿ ಎಂಬ ಮೂರನೆಯವನೊಡನೆ ೧೯೭೭ರಲ್ಲಿ 'ಬಗಲ್ಸ್' ಎಂಬ ಮೇಳವನ್ನು ಕಟ್ಟಿದರು. ಮರುವರ್ಷ ಮೂವರೂ ಕೂಡಿ ಒಂದು ಹಾಡನ್ನು ಬರೆದರು: 'ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್'. ಅಷ್ಟರಲ್ಲಿ ವುಲಿ ಬೇರೆ ಮೇಳವನ್ನು ಕಟ್ಟಿಕೊಂಡು ಹೊರಟುಹೋದನು.

ಹಾಡಿನ ವಸ್ತು ಕರುಣಾಜನಕವಾದುದು. ರೇಡಿಯೋ ಕಾಲದ ಗಾಯಕನೊಬ್ಬನು ದೃಶ್ಯಯುಗ ಬಂದೊಡನೆ ಮೂಲೆಗುಂಪಾದ ಕಥೆಯದು. ಜೆ. ಜಿ. ಬಲ್ಲಾರ್ಡ್ ಎಂಬ ಕಥೆಗಾರನ ಸಣ್ಣ ಕಥೆಯೊಂದು ಅದಕ್ಕೆ ಪ್ರೇರಣೆಯೆಂದು ಹಾರ್ನ್ ಹೇಳಿದ್ದಾನೆ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರಿನ ನಾದವೇ ಇಲ್ಲಿ ಪ್ರಧಾನ. ಹಾರ್ನನ ಕಂಠವನ್ನಂತೂ ಹಳೆಯ ರೇಡಿಯೋ ಪೆಟ್ಟಿಗೆಯಿಂದ ಹೊರಟಂತೆ ಬೇಕೆಂದೇ ಕುಗ್ಗಿಸಿದ್ದಾರೆ. ಯಂತ್ರಸಂಗೀತವೆಂದು ಮೂಗು ಮುರಿಯುವವರು ಈ ಕಂಠವನ್ನೊಮ್ಮೆ ಕೇಳಬೇಕು; ಯಂತ್ರದ ನಡುವೆ ಮನುಷ್ಯನ ಅಳಲು ಕೇಳಿಸದಿರದು.

೧೯೭೯ರ ಸೆಪ್ಟೆಂಬರಿನಲ್ಲಿ ಮುದ್ರಿಕೆ ಹೊರಬಿದ್ದಿತು. ಅಕ್ಟೋಬರ್ ೨೦ರ ಪಟ್ಟಿಯಲ್ಲಿ ಅದಕ್ಕೆ ಇಂಗ್ಲೆಂಡಿನ ಅಗ್ರಸ್ಥಾನ. ಆ ಪಟ್ಟ ಒಂದೇ ವಾರದ್ದು. ಮುಂದಿನ ಹಾಡು ೧೬ರಲ್ಲಿ ನಿಂತಿತು, ಅದರ ಮುಂದಿನದು ೩೮ರಲ್ಲಿ, ಬಳಿಕದ್ದು ೫೫ರಲ್ಲಿ. ಇಳಿಯುವ ಮೆಟ್ಟಿಲುಗಳೆಂದರೆ ಇವೇ.

೧೯೮೦ರಲ್ಲಿ ಗೆಳೆಯರಿಬ್ಬರೂ 'ಯೆಸ್' ಎಂಬ ಪ್ರಸಿದ್ಧ ರಾಕ್ ಮೇಳವನ್ನು ಸೇರಿದರು. ಅಲ್ಲಿನ ತಾರಸ್ಥಾಯಿಯ ಗಾಯಕ ಜಾನ್ ಆಂಡರ್ಸನ್ ಬಿಟ್ಟುಹೋದ ಜಾಗದಲ್ಲಿ ಹಾರ್ನ್ ನಿಲ್ಲಬೇಕಾಯಿತು. ಪರರ ಅಂಗಿ ತೊಟ್ಟವನ ಪಾಡು! ಇರುಳಿರುಳೂ ಆ ಎತ್ತರದಲ್ಲಿ ಹಾಡಿ ಅವನ ಗಂಟಲು ಸೋತಿತು. ಹಳೆಯ ಅಭಿಮಾನಿಗಳಲ್ಲಿ ಹಲವರು ಅವನನ್ನು ಒಪ್ಪಲೂ ಇಲ್ಲ. ಆ ಪ್ರವಾಸ ಮುಗಿದೊಡನೆ ಅವನು ಹಿಂದಿರುಗಿದನು. ಬಗಲ್ಸಿನ ಎರಡನೆಯ ಮುದ್ರಿಕೆಯ ಕೆಲಸ ಆರಂಭವಾಗುತ್ತಲೇ ಡೌನ್ಸನೂ 'ಏಷ್ಯಾ' ಎಂಬ ಹೊಸ ಮೇಳಕ್ಕೆ ಹೋದನು. ಒಬ್ಬನೇ ಉಳಿದ ಹಾರ್ನ್ ೧೯೮೧ರಲ್ಲಿ ಅದನ್ನು ಹೇಗೋ ಮುಗಿಸಿದನು. ಮೇಳದ ಬಾಳು ಅಲ್ಲಿಗೆ ತೀರಿತು.

ವಿಚಿತ್ರವೆಂದರೆ, ಅದೇ ೧೯೮೧ರ ಆಗಸ್ಟ್ ೧ರ ನಡುರಾತ್ರಿ ಅಮೆರಿಕದಲ್ಲಿ ಎಂ.ಟಿ.ವಿ. ಎಂಬ ಸಂಗೀತ ದೂರದರ್ಶನ ಆರಂಭವಾದಾಗ, ಅದು ಮೊಟ್ಟಮೊದಲು ತೋರಿಸಿದುದು ಈ ಹಾಡಿನ ಚಿತ್ರವನ್ನೇ. ಮನೆ ಮುರಿಯುತ್ತಿದ್ದಾಗ ಬಾಗಿಲಿಗೆ ತೋರಣ ಬಿದ್ದಂತಾಯಿತು. ಆ ಚಿತ್ರದಲ್ಲಿ ಕಪ್ಪು ಉಡುಪಿನಲ್ಲಿ ಕೀಲಿಮಣೆಯ ಮುಂದೆ ನಿಂತ ತರುಣನೊಬ್ಬನಿದ್ದಾನೆ. ಮುಂದೆ 'ಲಯನ್ ಕಿಂಗ್' ಸಂಗೀತಕ್ಕೆ ಆಸ್ಕರ್ ಪಡೆದ ಹಾನ್ಸ್ ಜಿಮ್ಮರ್ ಅವನೇ.

ರೇಡಿಯೋ ಗಾಯಕನ ಗತಿಯನ್ನು ಹಾಡಿದ ಹಾರ್ನ್ ತಾನೂ ಪರದೆಯ ಹಿಂದಕ್ಕೆ ಸರಿದನು. ಅಲ್ಲಿಯೇ ಅವನ ದೊಡ್ಡ ಕೆಲಸ ನಡೆಯಿತು. ಬಿದ್ದು ಅವರಂತೆ ಪರರ ಧ್ವನಿಮುದ್ರಿಕೆಗಳ ನಿರ್ಮಾಪಕನಾದನು. ಆಂಡರ್ಸನ್ ಮರಳಿ ಬಂದ ಬಳಿಕ ೧೯೮೩ರಲ್ಲಿ ಯೆಸ್ ಮೇಳ ಹೊರತಂದ 'ಓನರ್ ಆಫ್ ಎ ಲೋನ್ಲಿ ಹಾರ್ಟ್' ಹಾಡನ್ನು ನಿರ್ಮಿಸಿದವನು ಇದೇ ಹಾರ್ನ್. ಆ ಮೇಳಕ್ಕೆ ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನ ದೊರಕಿದುದು ಆ ಒಂದೇ ಹಾಡಿಗೆ.